ಎಣಿಕೆಗೆ ಸಿಗದ ಋಣ

ಮನೆಯಲ್ಲಿ ಮಗುವಿಗೆ ವಾಂತಿಭೇದಿಯಾದಾಗ ನೀವು ಓಆರ್‌ಎಸ್ ಪೊಟ್ಟಣವೊಂದನ್ನು ತಂದು, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಕುಡಿಸಿರಬಹುದು. ಅದರ ಹಿಂದೆ ಯಾರ ಶ್ರಮವಿದೆಯೆಂದು ಆ ಹೊತ್ತಿನಲ್ಲಿ ಯಾರೂ ವಿಚಾರಿಸುವುದಿಲ್ಲ. ಮಗು ಚೇತರಿಸಿಕೊಂಡರೆ ಅಷ್ಟೇ ಸಾಕು. ಆದರೆ ಈ ಮರೆವಿನೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ: ಜನರ ಆರೋಗ್ಯಕ್ಕಾಗಿ ದುಡಿಯುವ ಸಂಶೋಧಕನ ಸಾಧನೆಯನ್ನು ಯಾವುದರಿಂದ ಅಳೆಯಬೇಕು?

ವಿದ್ವತ್ ಪ್ರಪಂಚದಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ. ಎಷ್ಟು ಪ್ರಬಂಧಗಳು ಪ್ರಕಟವಾದವು, ಅವನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕವೇ ಆ ಉತ್ತರ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಈ ಎರಡನ್ನೂ ಒಂದೇ ಅಂಕಿಗೆ ಇಳಿಸುವ ಎಚ್-ಸೂಚ್ಯಂಕವನ್ನು ಮುಂದಿಟ್ಟರು. ಒಬ್ಬರ 20 ಪ್ರಬಂಧಗಳು ತಲಾ 20 ಸಲವಾದರೂ ಉಲ್ಲೇಖಗೊಂಡಿದ್ದರೆ ಸೂಚ್ಯಂಕ 20. ಅದು 21 ಆಗಬೇಕಾದರೆ 21 ಪ್ರಬಂಧಗಳು ತಲಾ 21 ಸಲ ಉಲ್ಲೇಖಗೊಳ್ಳಬೇಕು. ನೇಮಕಾತಿ, ಬಡ್ತಿ, ಅನುದಾನಗಳ ಮೇಲೆ ಇಂಥ ಅಂಕಿಗಳ ನೆರಳು ಬಿದ್ದಿದೆ.

ಈ ಅಳತೆಗೋಲನ್ನು ಹಿಡಿದು ಡಾ. ದಿಲೀಪ್ ಮಹಾಲನೋಬಿಸ್ ಅವರ ಮುಂದೆ ನಿಲ್ಲೋಣ. 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದ ಕಾಲದಲ್ಲಿ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನ್‌ಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ರಕ್ತನಾಳದ ಮೂಲಕ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು. ಆಗ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಕರುಳಿನಲ್ಲಿ ಸಕ್ಕರೆಯ ಅಂಶವು ಉಪ್ಪನ್ನು ತನ್ನೊಡನೆ ಒಳಗೆ ಒಯ್ಯುತ್ತದೆ, ನೀರು ಅವೆರಡನ್ನೂ ಹಿಂಬಾಲಿಸುತ್ತದೆ. ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿ ಶೇಕಡ 3.6ಕ್ಕೆ ಇಳಿಯಿತು. ಈ ಅನುಭವದ ವರದಿ 1973ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಹಾಗಾದರೆ ಪ್ರಕಟಣೆಯೆಂಬುದು ಬರೀ ಪ್ರತಿಷ್ಠೆಯ ಮಾತೇ? ಅಲ್ಲವೆಂಬುದಕ್ಕೂ ಇದೇ ಕಥೆ ಸಾಕ್ಷಿ. ಕೋಲ್ಕತ್ತದ ಡಾ. ಹೇಮೇಂದ್ರನಾಥ ಚಟರ್ಜಿ 1953ರಲ್ಲಿಯೇ, ಕುಡಿಸುವ ದ್ರವದಿಂದ ಕಾಲರಾ ರೋಗಿಗಳನ್ನು ಉಪಚರಿಸಿದ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಆದರೆ ಅದರಲ್ಲಿ ಒಳಹೋದ, ಹೊರಬಂದ ದ್ರವದ ಅಳತೆಯಾಗಲಿ ಹೋಲಿಕೆಗೆ ಮತ್ತೊಂದು ಗುಂಪಾಗಲಿ ಇರಲಿಲ್ಲ, ವೈದ್ಯಲೋಕ ಒಪ್ಪಲಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಸಂಗಡಿಗರು ಅಳೆದು ತೋರಿಸಬೇಕಾಯಿತು. ಕಂಡದ್ದನ್ನು ಪ್ರಾಮಾಣಿಕವಾಗಿ ಅಳೆದು, ಇತರರು ಪರೀಕ್ಷಿಸುವಂತೆ ಬರೆದಿಡುವುದು ಸಂಶೋಧಕನ ಧರ್ಮ. ಬರೆಯದೆ ಉಳಿದ ಸತ್ಯ ಒಂದು ಶಿಬಿರದಲ್ಲಿಯೇ ಉಳಿದುಬಿಡಬಹುದು.

ಹೀಗಿರುವಾಗ ತಪ್ಪಿರುವುದು ಬರವಣಿಗೆಯಲ್ಲಲ್ಲ, ಲೆಕ್ಕವನ್ನು ನಾವು ಓದುವ ರೀತಿಯಲ್ಲಿ. ಉಲ್ಲೇಖವೆಂದರೇನು? ‘ಇದು ನನ್ನದಲ್ಲ, ನಿಮ್ಮಿಂದ ಪಡೆದದ್ದು’ ಎಂಬ ಋಣಸ್ವೀಕಾರ. ಕೃತಜ್ಞತೆಯ ಆ ನುಡಿಗಳನ್ನು ಒಟ್ಟುಗೂಡಿಸಿ, ಪಡೆದವರ ವಿನಯವನ್ನು ಕೊಟ್ಟವರ ಆಸ್ತಿಯಾಗಿ ನಾವು ಮಾರ್ಪಡಿಸಿದ್ದೇವೆ. ಆಸ್ತಿಯಾದ ಮೇಲೆ ಅದನ್ನು ಹೆಚ್ಚಿಸುವ ಆಸೆ ಹುಟ್ಟುತ್ತದೆ. ಒಂದೇ ಅಧ್ಯಯನವನ್ನು ನಾಲ್ಕಾಗಿ ಸೀಳಿ ಪ್ರಕಟಿಸುವುದೂ, ದುಡಿಯದವರ ಹೆಸರನ್ನು ಲೇಖಕರ ಸಾಲಿಗೆ ಸೇರಿಸುವುದೂ ಆ ಆಸೆಯ ಫಲಗಳೇ.

ಬೇರೊಂದು ಅಳತೆಯೂ ಸಾಧ್ಯವೆಂಬುದನ್ನು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ತೋರಿಸಿಕೊಟ್ಟಿತು. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು ಸುಮಾರು 1.2 ಕೋಟಿ ಮನೆಗಳಿಗೆ ನಡೆದುಹೋಗಿ, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಮಿಶ್ರಣವನ್ನು ತಾಯಂದಿರಿಗೆ ಕಲಿಸಿದರು. ಕೆಲವು ದಿನಗಳ ನಂತರ ತಪಾಸಣೆಗೆ ಹೋದವರು ಆಯ್ದ ತಾಯಂದಿರನ್ನು ಪ್ರಶ್ನಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದಕ್ಕೆ ತಕ್ಕಂತೆ ಕಲಿಸಿದವಳಿಗೆ ಸಂಭಾವನೆ. ಇಲ್ಲಿ ಎಣಿಕೆಯಿಲ್ಲವೆಂದಲ್ಲ, ಆದರೆ ಎಣಿಸಿದ್ದು ಕಲಿಸಿದವಳ ಕೀರ್ತಿಯನ್ನಲ್ಲ, ಕಲಿತವಳ ಸಾಮರ್ಥ್ಯವನ್ನು.

ಆ ತಾಯಿ ಯಾವ ಪ್ರಬಂಧವನ್ನೂ ಉಲ್ಲೇಖಿಸಲಾರಳು. ಜ್ಞಾನವು ಎಲ್ಲರ ಕೈಗೂ ಬಂದಾಗ ಅದನ್ನು ಕೊಟ್ಟವರ ಹೆಸರು ಕಳಚಿಬೀಳುತ್ತದೆ. ಅದು ಸೋಲಲ್ಲ, ಸಂಶೋಧನೆಯ ಸಾರ್ಥಕತೆ. ಮಹಾಲನೋಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಮರಣೋತ್ತರವಾಗಿ.

ಓದುಗರೇ, ನಿಮ್ಮಲ್ಲಿ ಅಧ್ಯಾಪಕರಿರಬಹುದು, ವೈದ್ಯರಿರಬಹುದು, ಸಂಶೋಧನೆಗೆ ಹೊರಟ ಮಕ್ಕಳ ತಂದೆತಾಯಿಯರಿರಬಹುದು. ಎಷ್ಟು ಪ್ರಕಟವಾಯಿತು ಎಂದು ಕೇಳುವುದು ತಪ್ಪಲ್ಲ. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಇದರಿಂದ ಯಾರ ಕೈಗೆ ಏನು ಸೇರಿತು? ನಮ್ಮ ಹೆಸರು ಅಳಿದ ಮೇಲೂ ಒಂದು ಮನೆಯಲ್ಲಿ ಒಂದು ಉಸಿರು ಉಳಿಯುವುದಾದರೆ, ಆ ಅಳಿವಿಗೆ ನಾವು ಒಪ್ಪುವೆವೇ?