ಗೋದಲಿಯ ಖಾಲಿ ಜಾಗ

ಡಿಸೆಂಬರ್ ಮೊದಲ ವಾರಕ್ಕೇ ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ಕ್ರಿಸ್ಮಸ್ ಮರ ಎದ್ದು ನಿಲ್ಲುತ್ತದೆ. ಹತ್ತಿಯ ಹಿಮ, ಖಾಲಿ ಡಬ್ಬಗಳಿಗೆ ಸುತ್ತಿದ ಬಣ್ಣದ ಕಾಗದ. ಹದಿನೈದರ ಹೊತ್ತಿಗೆ ಸೀಕ್ರೆಟ್ ಸ್ಯಾಂಟಾ, ಇಪ್ಪತ್ತರ ಹೊತ್ತಿಗೆ ಪ್ಲಮ್ ಕೇಕ್, ಆಮೇಲೆ ಅರ್ಧ ಫ್ಲೋರ್ ರಜೆ. ಇಪ್ಪತ್ತಾರಕ್ಕೆ ಹೋಗಿ ನೋಡಿದರೆ ಮರ ಮಾಯ, ಅಲ್ಲಿ ಹೊಸವರ್ಷದ ಬಲೂನು. ಒಂದು ವರ್ಷ ಟೀಮಿನ ಗೆಳೆಯನೊಬ್ಬ ಕೇಳಿದ: "ನೀನು ಕ್ರಿಶ್ಚಿಯನ್ ಅಲ್ವಾ? ನಿಜ ಹೇಳು, ನಮ್ಮ ಈ ಕ್ರಿಸ್ಮಸ್ ನೋಡಿ ಬೇಜಾರಾಗಲ್ವಾ?"

ಬೇಜಾರಾಗಲ್ಲ ಅಂದೆ. ಅದು ನಿಜವೇ. ಊರಲ್ಲಿ ನಾನೂ ಪಕ್ಕದ ಮನೆಯ ದೀಪಾವಳಿಗೆ ಪಟಾಕಿ ಹೊಡೆದವನು, ಚೌತಿಗೆ ಕಡುಬು ತಿಂದವನು. ನಿನ್ನ ನಂಬಿಕೆ ಏನು ಅಂತ ಕೇಳಿಕೊಂಡು ಯಾರೂ ಎಲೆಗೆ ಬಡಿಸಲಿಲ್ಲ. ಆದರೆ ಅವನ ಪ್ರಶ್ನೆ ಆಮೇಲೆ ನನ್ನ ಕಡೆಗೇ ತಿರುಗಿತು. ಅವರ ಕ್ರಿಸ್ಮಸ್‌ನಲ್ಲಿ ಕ್ರಿಸ್ತ ಇಲ್ಲದಿದ್ದರೆ ಅದು ಸಹಜ, ಅವರಿಗದು ರಜೆ ಮತ್ತು ಕೇಕು. ನಮ್ಮದರಲ್ಲಿ ಇದ್ದಾನಾ? ನಂಬುತ್ತೇವೆ ಅಂತ ಹೇಳುವವರ ಹಬ್ಬದ ನಡುವೆ ನಂಬಿಕೆ ಇದೆಯೋ ಇಲ್ಲವೋ ಅಂತ ಗೊತ್ತಾಗುವುದಾದರೂ ಹೇಗೆ?

ಇದಕ್ಕೊಂದು ಸುಲಭದ ಉತ್ತರ ಇದೆ. ಆಡಂಬರ ಕಮ್ಮಿ ಮಾಡಿ, ಭಕ್ತಿ ತಾನಾಗಿ ಹೆಚ್ಚುತ್ತೆ. ಈ ಉತ್ತರವನ್ನು ತುದಿ ಮುಟ್ಟುವವರೆಗೆ ಪ್ರಯೋಗ ಮಾಡಿದವರೂ ಇದ್ದಾರೆ. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಬೇ ವಸಾಹತಿನ ಪ್ಯೂರಿಟನ್ನರು ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಅಂತ ಕಾನೂನೇ ಮಾಡಿದರು. ಅದು ರದ್ದಾದದ್ದು 1681ರಲ್ಲಿ. ಅವರು ನಾಸ್ತಿಕರಲ್ಲ, ಕಟ್ಟಾ ಕ್ರೈಸ್ತರು. ಅವರ ವಾದದಲ್ಲಿ ಹುರುಳಿಲ್ಲ ಅನ್ನುವಂತೆಯೂ ಇಲ್ಲ. ಯೇಸು ಯಾವ ದಿನ ಹುಟ್ಟಿದ ಅಂತ ಶುಭಸಂದೇಶಗಳಲ್ಲಿ ಎಲ್ಲೂ ಬರೆದಿಲ್ಲ. ಮಾರ್ಕ ಮತ್ತು ಯೊವಾನ್ನ ಜನನದ ಕಥೆಯನ್ನೇ ಹೇಳುವುದಿಲ್ಲ. ಡಿಸೆಂಬರ್ 25 ನೆಲೆಯಾಗಿದ್ದು ನಾಲ್ಕನೇ ಶತಮಾನದ ರೋಮಿನಲ್ಲಿ.

ಆದರೂ ಆ ವಾದ ಒಂದು ಕಡೆ ಮುಗ್ಗರಿಸುತ್ತದೆ. ಕ್ರಿಸ್ಮಸ್ ಹೇಳುವ ಸಂಗತಿ ಯಾವುದು? ದೇವರು ಮೈ ಪಡೆದು ಬಂದ ಅಂತ. ಚಳಿಯಾಗುವ, ಹಸಿವಾಗುವ, ಅಳುವ ಮೈ. ಅದನ್ನು ಬರೀ ಮನಸ್ಸಿನಲ್ಲಿ ಆಚರಿಸುತ್ತೇನೆ ಅಂದರೆ ಆ ಸುದ್ದಿಯನ್ನೇ ಅರ್ಧ ಕತ್ತರಿಸಿದ ಹಾಗೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸ್ ಮಾಡಿದ್ದು ಇದರ ತದ್ವಿರುದ್ಧ. ನಿಜವಾದ ಹುಲ್ಲು ಹಾಸಿದ, ನಿಜವಾದ ಎತ್ತು ಕತ್ತೆ ತರಿಸಿದ, ಮೇವಿನ ತೊಟ್ಟಿಯ ಮೇಲೇ ಬಲಿಪೂಜೆ ನಡೆಯುವಂತೆ ಮಾಡಿದ. ಲೂಕನ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ, ನೋಡಿ. ಅವು ಬಂದದ್ದು ಪ್ರವಾದಿ ಯೆಶಾಯನ ಮಾತಿನಿಂದ. ಬಡತನವನ್ನೇ ಮದುವೆಯಾದವನು ಅಂತ ಹೆಸರಾದ ಫ್ರಾನ್ಸಿಸ್‌ಗೆ ಹಬ್ಬದಲ್ಲಿ ವಸ್ತುಗಳಿರುವುದು ತೊಂದರೆ ಅನಿಸಲಿಲ್ಲ. ಅವೆಲ್ಲ ಯಾವುದರ ಸುತ್ತ ಇವೆ ಅನ್ನುವುದೇ ಅವನಿಗೆ ಮುಖ್ಯವಾಗಿತ್ತು.

ಹಾಗಾದರೆ ಕೇಕು, ನಕ್ಷತ್ರ, ಹೊಸ ಬಟ್ಟೆ ಇವ್ಯಾವುವೂ ನಂಬಿಕೆಯ ಶತ್ರುಗಳಲ್ಲ. ನಮ್ಮ ಹಬ್ಬದಿಂದ ಕಳೆದುಹೋಗಿರುವುದು ಬೇರೆ, ಅದು ಕಾಯುವುದು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಚರ್ಚು ಆಗಮನ ಕಾಲ ಅನ್ನುತ್ತದೆ. ಗುರುಗಳು ನೇರಳೆ ಬಣ್ಣದ ಉಡುಪು ಹಾಕುತ್ತಾರೆ, ಆ ಭಾನುವಾರಗಳಲ್ಲಿ ಮಹಿಮಾಗೀತೆ ಹಾಡುವುದಿಲ್ಲ. ಹಬ್ಬ ಶುರುವಾಗುವುದೇ ಇಪ್ಪತ್ನಾಲ್ಕರ ಸಂಜೆ. ಅಲ್ಲಿಂದ ಮೂವರು ಜ್ಞಾನಿಗಳ ಹಬ್ಬ ದಾಟಿ ಜನವರಿವರೆಗೆ ನಡೆಯುತ್ತದೆ. ನಾವು ಇದನ್ನು ಪೂರ್ತಿ ತಲೆಕೆಳಗು ಮಾಡಿದ್ದೇವೆ. ಕಾಯಬೇಕಾದ ದಿನಗಳಲ್ಲಿ ಪಾರ್ಟಿ, ಹಬ್ಬದ ದಿನ ಸುಸ್ತು, ಮಾರನೇ ದಿನ ಮರ ಅಟ್ಟಕ್ಕೆ.

ಬೆಳ್ತಂಗಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಗೋದಲಿ ಕಟ್ಟುವುದು ಹುಡುಗರ ಕೆಲಸವಾಗಿತ್ತು. ಬಿದಿರು, ಬೈಹುಲ್ಲು, ಮುರಕಲ್ಲಿನ ಗೋಡೆಯಿಂದ ಎಬ್ಬಿಸಿ ತಂದ ಪಾಚಿ. ಗೆರಟೆಯಲ್ಲಿ ಮಣ್ಣು ತುಂಬಿ ಭತ್ತ ಬಿತ್ತಿ ಮೊಳಕೆ ಬರಿಸಬೇಕಿತ್ತು, ಅದು ಗೋದಲಿಯ ಗದ್ದೆ. ಹಬ್ಬಕ್ಕೆ ಹಸಿರಾಗಿರಬೇಕಾದರೆ ಹತ್ತು ಹನ್ನೆರಡು ದಿನ ಮೊದಲೇ ಬಿತ್ತಬೇಕು. ಆ ಕೆಲಸವನ್ನು ಹತ್ತು ನಿಮಿಷದ ಡೆಲಿವರಿಯವರಿಂದಲೂ ಮಾಡಿಸೋಕಾಗಲ್ಲ. ಇಷ್ಟೆಲ್ಲ ಮಾಡಿ, ಕುರುಬರು ಕುರಿಗಳು ಎಲ್ಲ ಜೋಡಿಸಿ, ನಡುವಿನ ತೊಟ್ಟಿಲನ್ನು ಮಾತ್ರ ಖಾಲಿ ಬಿಡುತ್ತಿದ್ದೆವು. ಬಾಲಯೇಸು ಬರುವುದು ಇಪ್ಪತ್ನಾಲ್ಕರ ರಾತ್ರಿಗೇ. ಅಷ್ಟು ದಿನವೂ ಗೋದಲಿ ನೋಡಿದವರ ಕಣ್ಣು ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು. ಎಲ್ಲ ಇದೆ, ಬರಬೇಕಾದವನು ಇನ್ನೂ ಬಂದಿಲ್ಲ. ನಂಬಿಕೆ ಅಂದರೆ ಬಹುಶಃ ಇದೇ ಅಂತ ನನಗೆ ಅನಿಸುತ್ತದೆ. ಆ ಜಾಗವನ್ನು ಬೇರೆ ಏನೋ ತುಂಬಿಸಿ ಮುಗಿಸಿಬಿಡದೆ ಹಾಗೇ ಉಳಿಸಿಕೊಳ್ಳುವುದು.

ಆದರೆ ಇಲ್ಲಿಗೇ ನಿಲ್ಲಿಸಿದರೆ ನನಗೇ ಸಮಾಧಾನ ಇಲ್ಲ. ಕಾಯುವುದೂ ಒಂದು ಅಲಂಕಾರ ಆಗಿಬಿಡಬಹುದಲ್ವಾ? ನಾಲ್ಕು ಮೇಣದಬತ್ತಿ ಹಚ್ಚಿ, ಪಾಪನಿವೇದನೆ ಮಾಡಿ, ಮಧ್ಯರಾತ್ರಿ ಪೂಜೆಗೆ ಹೋಗಿ, ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದವನ ಒಳಗೂ ಏನೂ ಇಲ್ಲದೇ ಇರಬಹುದು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಇದಕ್ಕೆ ಟೆಸ್ಟ್ ಕೇಸ್ ಯಾವುದು?

ಕಥೆಯಲ್ಲೇ ಇದೆ. ತುಂಬು ಗರ್ಭಿಣಿಗೆ ಛತ್ರದಲ್ಲಿ ಜಾಗ ಸಿಗಲಿಲ್ಲ. ಸುದ್ದಿ ಮೊದಲು ತಲುಪಿದ್ದು ರಾತ್ರಿ ಪಾಳಿಯಲ್ಲಿ ಕುರಿ ಕಾಯುತ್ತಿದ್ದವರಿಗೆ. ಹಾಗಾಗಿ ಕೇಳಬೇಕಾದದ್ದು ಇಷ್ಟೇ: ಈ ಹಬ್ಬದಿಂದ ನನ್ನ ಮನೆಯಲ್ಲಿ ಯಾರಿಗೆ ಹೊಸದಾಗಿ ಜಾಗವಾಯಿತು?

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ತಟ್ಟೆ ಇದೆ. ಕುಸ್ವಾರ್ ಅನ್ನುತ್ತೇವೆ. ನೆವ್ರಿ, ಕಿಡ್ಯೊ, ಗುಳಿಯೊ, ಚಕ್ಕುಲಿ, ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ, ಮೇಲೆ ಬಿಳಿ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ ಕಳಿಸುವುದು. ಭಟ್ಟರ ಮನೆಗೆ ಮೊಟ್ಟೆ ಹಾಕದ್ದು ಬೇರೆ, ಜೊತೆಗೆ ಬಾಳೆಹಣ್ಣು. ನಾನು ಹೈಸ್ಕೂಲಲ್ಲಿದ್ದಾಗ ನಮಗೂ ದೊಡ್ಡಪ್ಪನ ಮನೆಗೂ ತೋಟದ ಗಡಿ ವಿಷಯಕ್ಕೆ ಕೋರ್ಟಲ್ಲಿ ಕೇಸು ನಡೀತಿತ್ತು. ಮಾತಿಲ್ಲ ಕಥೆಯಿಲ್ಲ. ಆದರೆ ಅಮ್ಮ ಒಂದು ವರ್ಷವೂ ಅವರ ಮನೆಯ ತಟ್ಟೆ ತಪ್ಪಿಸಲಿಲ್ಲ. ಒಯ್ಯುವವನು ನಾನು. ದೊಡ್ಡಮ್ಮ ಬಾಗಿಲಲ್ಲೇ ತಟ್ಟೆ ತೆಗೆದುಕೊಂಡು ಖಾಲಿ ಮಾಡಿ ವಾಪಸ್ ಕೊಡುತ್ತಿದ್ದರು. ತಟ್ಟೆಯನ್ನು ಬರಿದಾಗಿ ಮರಳಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು ಅನ್ನೋದು ನಮ್ಮಲ್ಲಿ ಪದ್ಧತಿ. ಬರಿದಾಗೇ ಬರುತ್ತಿತ್ತು.

ಒಂದು ವರ್ಷ ಸಿಟ್ಟಿನಿಂದ ಅಮ್ಮನನ್ನು ಕೇಳಿದೆ, "ನಿಂಗೆ ಅವ್ರ ಮೇಲೆ ಕೋಪ ಹೋಯ್ತಾ?" ಅಮ್ಮ ನೆವ್ರಿ ಎಣಿಸುತ್ತಾ ಹೇಳಿದರು: "ಇಲ್ಲ. ಕೋಪ ಇದೆ. ಅದಕ್ಕೇ ಕಳಿಸೋದು. ಕೋಪ ಇಲ್ದಿದ್ರೆ ಯಾರು ಬೇಕಾದ್ರೂ ಕಳಿಸ್ತಾರೆ."

ಕೇಸು ಮುಗಿಯಲು ಇನ್ನೂ ವರ್ಷಗಳು ಹಿಡಿದವು. ತಟ್ಟೆಯಿಂದ ಅದೇನೂ ಬೇಗ ಇತ್ಯರ್ಥ ಆಗಲಿಲ್ಲ. ಅಮ್ಮ ಕಳಿಸಿದ್ದೂ ಅದಕ್ಕಲ್ಲ. ನಾವು ಓದಿದವರು ನಂಬಿಕೆಯನ್ನು ಒಂದು ಭಾವನೆ ಅಂದುಕೊಳ್ಳುತ್ತೇವೆ. ಪೂಜೆಯಲ್ಲಿ ಮೈ ಜುಮ್ಮೆಂದರೆ ಇದೆ, ಇಲ್ಲದಿದ್ದರೆ ಇಲ್ಲ. ಅಮ್ಮನ ಲೆಕ್ಕದಲ್ಲಿ ಹಾಗಲ್ಲ. ಒಳಗಿನ ಭಾವನೆ ಇನ್ನೂ ಒಪ್ಪದೇ ಇರುವಾಗ, ನಂಬಿದ ಮಾತಿನ ಪ್ರಕಾರ ಕೈ ನಡೆಯಬೇಕು. ದೇವರು ನಮ್ಮ ಯೋಗ್ಯತೆ ನೋಡಿ ಬರಲಿಲ್ಲ ಅನ್ನುವುದೇ ಹಬ್ಬದ ತಿರುಳಾದರೆ, ತಟ್ಟೆಯೂ ಯೋಗ್ಯತೆ ನೋಡಿ ಹೋಗುವಂತಿಲ್ಲ.

ಈಗ ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯಲ್ಲಿ ನಾನು, ನನ್ನ ಹೆಂಡತಿ ಕೆಲವು ಸಣ್ಣ ನಿಯಮ ಇಟ್ಟುಕೊಂಡಿದ್ದೇವೆ. ಮರ, ಲೈಟು ಇಪ್ಪತ್ನಾಲ್ಕಕ್ಕೇ, ಆದರೆ ಜನವರಿಯ ಜ್ಞಾನಿಗಳ ಹಬ್ಬದವರೆಗೂ ತೆಗೆಯುವುದಿಲ್ಲ. ಬಾಲ್ಕನಿಯಲ್ಲಿ ಮೊಸರಿನ ಡಬ್ಬಿಯಲ್ಲಿ ಭತ್ತ ಬಿತ್ತುತ್ತೇವೆ, ಮಗಳು ದಿನಾ ನೀರು ಹಾಕುತ್ತಾಳೆ, ತೊಟ್ಟಿಲು ಯಾಕೆ ಖಾಲಿ ಅಂತ ದಿನಾ ಕೇಳುತ್ತಾಳೆ. ನಮಗಾಗಿ ಮಾಡಿದ ಖರ್ಚಿನಷ್ಟೇ ಹಣ, ತಿರುಗಿ ಕೊಡಲಾಗದ ಒಬ್ಬರಿಗೆ. ಹಬ್ಬದ ರಾತ್ರಿ ಮೊದಲ ಊಟ ಕೆಳಗಿನ ರಾತ್ರಿ ಪಾಳಿಯ ವಾಚ್‌ಮನ್‌ಗೆ. ಇವು ದೊಡ್ಡ ಸಾಧನೆಯಲ್ಲ, ಯಾವ ಊರಲ್ಲಾದರೂ ಆಗುವಂಥವು.

ಆದರೆ ಅಮ್ಮನ ತಟ್ಟೆಗೆ ಸಮನಾದದ್ದು ನನಗೆ ಇಲ್ಲಿ ಸಿಕ್ಕಿಲ್ಲ. ವಾಚ್‌ಮನ್‌ಗೆ ಊಟ ಕೊಡುವುದು ಕಷ್ಟವೇ ಅಲ್ಲ, ಅವನ ಜೊತೆ ನನಗೆ ತಕರಾರಿಲ್ಲ. ಜಗಳ ಆಗಬೇಕಾದರೂ ಒಂದಿಷ್ಟು ಹತ್ತಿರ ಬೇಕು, ನಡುವೆ ಒಂದು ಬೇಲಿಯಾದರೂ ಬೇಕು. ಅಪಾರ್ಟ್‌ಮೆಂಟಿನಲ್ಲಿ ನನಗೆ ಶತ್ರುಗಳಿಲ್ಲದಿರುವುದು ನನ್ನ ಒಳ್ಳೆಯತನದಿಂದಲ್ಲ, ಇಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ ಅನ್ನುವ ಕಾರಣಕ್ಕೆ. ಕ್ಷಮಿಸಲು ಯಾರೂ ಇಲ್ಲದ ಕಡೆ ಕ್ರಿಸ್ಮಸ್ ಬಹಳ ಸಲೀಸು. ನಗರದಲ್ಲಿರುವ ನನ್ನಂಥ ಕ್ರೈಸ್ತರು ಮಾಲ್‌ಗಳ ಸ್ಯಾಂಟಾ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಈ ಸಲೀಸಿನ ಬಗ್ಗೆ ಯೋಚಿಸಬೇಕು ಅಂತ ನನ್ನ ಅನಿಸಿಕೆ.

ಈ ವರ್ಷ ಊರಿಂದ ಕುಸ್ವಾರ್ ಬರುತ್ತದೆ. ಎದುರು ಮನೆಗೆ ಒಂದು ತಟ್ಟೆ ಅಂತ ನಿರ್ಧಾರವಾಗಿದೆ. ಮೊದಲು ಅವರ ಹೆಸರು ತಿಳಿದುಕೊಳ್ಳಬೇಕು. ಬಾಗಿಲ ಮೇಲೆ ಬರೀ ನಂಬರಿದೆ.