ಕಾಣದಿದ್ದರೆ ಇಲ್ಲವೇ?

ನೆಲದ ಮೇಲೆ ಮಡಕೆಯಿಲ್ಲ ಎಂದು ನಮಗೆ ಗೊತ್ತಾಗುವುದು ಹೇಗೆ? ಕಣ್ಣಿಗೆ ಬಿದ್ದದ್ದು ಬರಿಯ ನೆಲ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಅಭಾವವನ್ನೂ, ಅಂದರೆ ಇಲ್ಲದಿರುವಿಕೆಯನ್ನೂ, ಪ್ರತ್ಯಕ್ಷದ ಲೆಕ್ಕಕ್ಕೇ ಸೇರಿಸಿದರು. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಅದನ್ನೊಪ್ಪದೆ, ಅನುಪಲಬ್ಧಿ (ಕಾಣದಿರುವಿಕೆ) ಎಂಬ ಆರನೆಯ ಪ್ರಮಾಣವನ್ನೇ, ಅಂದರೆ ಅರಿವಿನ ಸಾಧನವನ್ನೇ, ಹೇಳಿದರು. ಆದರೆ ಷರತ್ತಿದೆ: ಮಡಕೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಕತ್ತಲಲ್ಲಿ ಕಾಣಲಿಲ್ಲವೆಂದರೆ ಏನೂ ಸಾಬೀತಾಗದು. ಪಿಶಾಚಿ ಕಾಣಲಿಲ್ಲವೆಂದರೂ ಅಷ್ಟೇ. ಅದು ಮೊದಲೇ ಕಾಣುವಂಥದ್ದಲ್ಲ. ಈ ಷರತ್ತು ಪೂರೈಸಿದ ಕಾಣದಿರುವಿಕೆಯೇ ಯೋಗ್ಯಾನುಪಲಬ್ಧಿ.

ಭೌತವಿಜ್ಞಾನ ಇದಕ್ಕೆ ಒದಗಿಸಿರುವ ಉದಾಹರಣೆ, ನನ್ನ ಮಟ್ಟಿಗೆ, ಮಡಕೆಗಿಂತ ಸೊಗಸು.

ನಯೋಬಿಯಂ ನೈಟ್ರೈಡಿನ ತೆಳುಪದರವನ್ನು ಸುಮಾರು 15 ಕೆಲ್ವಿನ್‌ಗಿಂತ ಕೆಳಕ್ಕೆ ತಣಿಸಿದರೆ ಅದು ಅತಿವಾಹಕ, ಅಂದರೆ ಸೂಪರ್‌ಕಂಡಕ್ಟರ್ ಆಗುತ್ತದೆ. ಇಲೆಕ್ಟ್ರಾನ್‌ಗಳು ಜೋಡಿಗಟ್ಟಿ ತಡೆಯಿಲ್ಲದೆ ಹರಿಯುತ್ತವೆ. ಈ ಜೋಡಿಗಟ್ಟುವಿಕೆಯ ಬಲವೇ ಏರಿಳಿಯುವ ಕಂಪನವೊಂದುಂಟು. ಹಿಗ್ಸ್ ಕಂಪನ ಎನ್ನುತ್ತಾರೆ. ಅದರ ಆವರ್ತನ ಟೆರಾಹರ್ಟ್ಸ್ ಮಟ್ಟದ್ದು. ಅದೇ ಆವರ್ತನದ ಮಂದ ಬೆಳಕು ಹಾಯಿಸಿದರೆ ಕಂಪನ ಏಳಬೇಕಲ್ಲ? ಏಳುವುದಿಲ್ಲ. ಬೆಳಕಿನ ವಿದ್ಯುತ್ ಕ್ಷೇತ್ರ ಬಲಕ್ಕೆ ಎಳೆದಾಗ ಜೋಡಿಬಲ ಏರುವುದಾದರೆ, ಎಡಕ್ಕೆ ಎಳೆದಾಗ ಇಳಿಯಬೇಕು. ಆದರೆ ಪದರದೊಳಗೆ ಎಡ ಬಲಗಳ ಭೇದವೇ ಇಲ್ಲ. ಹಾಗಾಗಿ ಏರಲೂ ಕಾರಣವಿಲ್ಲ, ಇಳಿಯಲೂ ಕಾರಣವಿಲ್ಲ. ಸಮಮಿತಿ ಮುರಿಯದೆ ವಿದ್ಯಮಾನ ಹುಟ್ಟದು ಎಂದು ಪಿಯರ್ ಕ್ಯೂರಿ 1894ರಲ್ಲೇ ವಾದಿಸಿದ್ದ.

ಈಗ ಅದೇ ಪದರದಲ್ಲಿ ವಿದ್ಯುತ್ ಪ್ರವಾಹ ಹರಿಸಿ. ಪ್ರವಾಹಕ್ಕೆ ದಿಕ್ಕುಂಟು. ಬೆಳಕಿನ ಕ್ಷೇತ್ರ ಜೋಡಿಗಳನ್ನು ಅವು ಹರಿಯುವತ್ತಲೇ ತಳ್ಳಿದರೆ ವೇಗ ಹೆಚ್ಚಿ ಜೋಡಿಬಲ ತಗ್ಗುತ್ತದೆ. ಎದುರು ತಳ್ಳಿದರೆ ವೇಗ ಕುಗ್ಗಿ ಬಲ ಚೇತರಿಸಿಕೊಳ್ಳುತ್ತದೆ. ಎಡ ಬಲ ಬೇರೆಯಾದವು, ಕಂಪನಕ್ಕೆ ದಾರಿಯಾಯಿತು. 2019ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಪ್ರವಾಹ ಹರಿಯುತ್ತಿದ್ದ ಇಂಥದೇ ಪದರದ ಟೆರಾಹರ್ಟ್ಸ್ ವಾಹಕತೆಯಲ್ಲಿ ಹಿಗ್ಸ್ ಕಂಪನದ ಆವರ್ತನದ ಬಳಿಯೇ ಒಂದು ಶಿಖರ ಎದ್ದು ಕಂಡಿತು.

ತಾರ್ಕಿಕ ಇಲ್ಲಿ ತಕರಾರು ತೆಗೆಯಬಹುದು: ಪ್ರವಾಹ ಪದಾರ್ಥವನ್ನೇ ಬದಲಿಸಿತು, ಇದ್ದದ್ದು ಕಂಡದ್ದಲ್ಲ, ಇಲ್ಲದ್ದು ಹುಟ್ಟಿದ್ದು. ಒಳ್ಳೆಯ ತಕರಾರೇ. ಆದರೆ ನಿಲ್ಲುವುದಿಲ್ಲ. ಪ್ರವಾಹವೇ ಇಲ್ಲದ ಇಂಥ ಪದರಕ್ಕೆ ಪ್ರಖರವಾದ ಟೆರಾಹರ್ಟ್ಸ್ ಸ್ಪಂದ ಬಡಿದಾಗಲೂ ಈ ಕಂಪನ ಏಳುವುದನ್ನು 2013ರಲ್ಲೇ ಪ್ರಯೋಗದಲ್ಲಿ ನೋಡಿಯಾಗಿತ್ತು. ಬೆಳಕು ಪ್ರಖರವಾದಾಗ ಕ್ಷೇತ್ರದ ವರ್ಗವೂ ಲೆಕ್ಕಕ್ಕೆ ಬರುತ್ತದೆ, ವರ್ಗಕ್ಕೆ ಎಡ ಬಲಗಳ ಹಂಗಿಲ್ಲ. ಅಂದಮೇಲೆ ಕಂಪಿಸುವ ಶಕ್ತಿ ಪದರದಲ್ಲಿ ಮೊದಲೇ ಇತ್ತು. ಮಂದ ಬೆಳಕಿಗೆ ಅದು ಕಾಣದ್ದು ಅನುಪಲಬ್ಧಿ ನಿಜ, ಯೋಗ್ಯಾನುಪಲಬ್ಧಿಯಲ್ಲ.