ಪಾತ್ರಕ್ಕೆ ನ್ಯಾಯ ಒದಗಿಸುವುದು ಎಂದರೇನು?

ಕನ್ನಡದ ನಾಟಕ ವಿಮರ್ಶೆಗಳನ್ನು ಓದುವ ಅಭ್ಯಾಸ ಇರುವವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ‘ಉಳಿದವರು ತಮ್ಮ ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದರು.’ ಮುಕ್ಕಾಲು ಜಾಗ ಕಥಾಸಾರಕ್ಕೆ ಹೋಗುತ್ತದೆ. ನಿರ್ದೇಶಕರಿಗೆ ಒಂದು ಪ್ಯಾರಾ, ಮುಖ್ಯ ಪಾತ್ರಧಾರಿಗೆ ಎರಡು ಸಾಲು ಸಿಗುತ್ತದೆ. ಬೆಳಕು ಮತ್ತು ಸಂಗೀತ ‘ಪೂರಕವಾಗಿದ್ದವು’ ಎಂದಾದ ಮೇಲೆ ಈ ವಾಕ್ಯ ಬಂದು ಬಾಗಿಲು ಮುಚ್ಚುತ್ತದೆ.

ನಾನು ಹಲವು ವರ್ಷಗಳಿಂದ ನಾಟಕ ನೋಡಿ ಬರೆಯುತ್ತಿರುವವನು. ಈ ವಾಕ್ಯವನ್ನು ಗೇಲಿ ಮಾಡುವುದು ಸುಲಭ ಎಂದು ಗೊತ್ತಿದೆ. ಆದರೆ ಅದರೊಳಗೆ ‘ನ್ಯಾಯ’ ಎಂಬ ದೊಡ್ಡ ಪದವೊಂದು ಕೂತಿದೆ. ನಟರು ಪಾತ್ರಕ್ಕೆ ನ್ಯಾಯ ಒದಗಿಸಿದರು, ಸರಿ. ವಿಮರ್ಶಕ ನಟರಿಗೆ ನ್ಯಾಯ ಒದಗಿಸಿದನೇ? ಓದುಗರಿಗೆ? ಆ ಸಂಜೆ ಅಲ್ಲಿಲ್ಲದ, ಮುಂದೆಂದೂ ಆ ಪ್ರಯೋಗ ನೋಡಲಾಗದ ಮನುಷ್ಯನಿಗೆ? ವಿಮರ್ಶೆಯ ಬಗ್ಗೆ ನಾವು ಆಡುವ ಮಾತು ಹೆಚ್ಚಾಗಿ ಅಭಿರುಚಿ, ಸಿದ್ಧಾಂತ, ಪಂಥಗಳದ್ದು. ನನಗೆ ಅದಕ್ಕಿಂತ ಮೊದಲಿನ ಪ್ರಶ್ನೆಯೊಂದು ಕಾಡುತ್ತದೆ. ಕಣ್ಮರೆಯಾಗುವ ವಸ್ತುವಿನ ಬಗ್ಗೆ ಬರೆಯುವವನ ಹೊಣೆ ಏನು?

ಪುಸ್ತಕ ವಿಮರ್ಶೆಗೂ ನಾಟಕ ವಿಮರ್ಶೆಗೂ ಇರುವ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ. ಪುಸ್ತಕದ ಬಗ್ಗೆ ವಿಮರ್ಶಕ ಏನೇ ಬರೆಯಲಿ, ಪುಸ್ತಕ ಉಳಿದಿರುತ್ತದೆ. ನಲವತ್ತು ವರ್ಷ ಕಳೆದ ಮೇಲೂ ಯಾರೋ ಒಬ್ಬ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಅದನ್ನು ತೆಗೆದು, ವಿಮರ್ಶಕ ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಬಹುದು. ಕುವೆಂಪು ಅವರ ‘ಶೂದ್ರ ತಪಸ್ವಿ’ ಬಂದಾಗ ಮಾಸ್ತಿಯವರು ಅದರಲ್ಲಿ ರಾಮಾಯಣದ ಶಂಬೂಕ ಪ್ರಸಂಗವನ್ನು ಬದಲಿಸಿಕೊಂಡ ಬಗೆಗೆ ಆಕ್ಷೇಪ ಎತ್ತಿದರು. ಕುವೆಂಪು ಸುಮ್ಮನಿರಲಿಲ್ಲ. ಮುಂದೆ ಬಂದ ‘ಬೆರಳ್‌ಗೆ ಕೊರಳ್’ ನಾಟಕದ ಮುನ್ನುಡಿಯಲ್ಲಿ ಉತ್ತರ ಕೊಟ್ಟರು. ಹಳೆಯ ಕಥೆಯನ್ನು ಹೊಸ ಕಾಲದ ಕವಿ ಎಷ್ಟರ ಮಟ್ಟಿಗೆ ತಿರುಗಿಸಬಹುದು ಎಂಬ ಆ ವಾದ ಇಂದಿಗೂ ತರಗತಿಗಳಲ್ಲಿ ನಡೆಯುತ್ತದೆ. ಅದು ನಡೆಯಲು ಸಾಧ್ಯವಾಗಿರುವುದು ನಾಟಕದ ಪಠ್ಯ ನಮ್ಮ ಕೈಯಲ್ಲಿ ಇರುವುದರಿಂದ. ನಾವು ಮಾಸ್ತಿಯವರ ಪಕ್ಷ ವಹಿಸಬಹುದು, ಕುವೆಂಪು ಅವರ ಪಕ್ಷ ವಹಿಸಬಹುದು, ಇಬ್ಬರನ್ನೂ ಬಿಟ್ಟು ಮೂರನೆಯ ದಾರಿ ಹಿಡಿಯಬಹುದು.

ಆದರೆ ಒಂದು ಪ್ರಯೋಗದ ಬಗ್ಗೆ ಹೀಗೆ ಮಾಡಲಾಗದು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ಎಂದರೆ ರಂಗದ ಮೇಲೆ ನಿಜವಾದ ಆನೆ ಕುದುರೆ ಬಂದಿದ್ದವು ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ಆನೆ ನೆನಪಿನಲ್ಲಿ ಉಳಿಯಿತು. ಆನೆಯ ಮುಂದೆ ನಿಂತ ನಟ ಯಾವ ಮಾತನ್ನು ನುಂಗಿ ಹೇಳಿದ, ಎಲ್ಲಿ ತಡೆದು ನಿಂತ ಎಂಬುದು ಅಷ್ಟಾಗಿ ಉಳಿಯಲಿಲ್ಲ. ಎ. ವಿ. ವರದಾಚಾರ್ಯರ ಅಭಿನಯದ ಬಗ್ಗೆ ನಮಗೆ ತಿಳಿದಿರುವುದೆಲ್ಲ ನೋಡಿದವರು ಹೇಳಿದ್ದು, ಬರೆದದ್ದು. ಅವರು ಬರೆಯದೆ ಹೋದದ್ದು ನಮ್ಮ ಪಾಲಿಗೆ ನಡೆದೇ ಇಲ್ಲ.

ಹಾಗಾಗಿ ನಾಟಕ ವಿಮರ್ಶಕ ತನಗೆ ಗೊತ್ತಿದ್ದರೂ ಇಲ್ಲದಿದ್ದರೂ ಎರಡು ಕೆಲಸ ಮಾಡುತ್ತಿರುತ್ತಾನೆ. ಒಂದು ತೀರ್ಪು ಕೊಡುವ ಕೆಲಸ, ಇನ್ನೊಂದು ಸಾಕ್ಷಿ ಹೇಳುವ ಕೆಲಸ. ಇವೆರಡರಲ್ಲಿ ಸಾಕ್ಷಿಯ ಕೆಲಸವೇ ಮೊದಲಿನದು ಎಂದು ನನ್ನ ವಾದ. ಕಟಕಟೆಯಲ್ಲಿ ನಿಂತ ಸಾಕ್ಷಿ ‘ಆತ ಕೆಟ್ಟವನು ಸ್ವಾಮಿ’ ಎಂದರೆ ನ್ಯಾಯಾಧೀಶರು ಕೇಳುವುದು ಒಂದೇ ಮಾತು: ‘ನೀವು ಕಂಡದ್ದೇನು?’

ನಮ್ಮ ಪದವೇ ಈ ಕಡೆಗೆ ಕೈ ತೋರಿಸುತ್ತದೆ. ಇಂಗ್ಲಿಷಿನ ‘ಕ್ರಿಟಿಕ್’ ಎಂಬ ಪದದ ಗ್ರೀಕ್ ಮೂಲಕ್ಕೆ ಬೇರ್ಪಡಿಸು, ತೀರ್ಮಾನಿಸು ಎಂಬ ಅರ್ಥ ಇದೆ. ‘ವಿಮರ್ಶೆ’ಯ ಧಾತುವಿಗೆ ಮುಟ್ಟು, ತಡವು ಎಂಬ ಅರ್ಥ. ಕುಂಬಾರನ ಅಂಗಡಿಯಲ್ಲಿ ಮಡಕೆಯನ್ನು ಸುತ್ತಲೂ ಕೈಯಾಡಿಸಿ, ಬೆರಳಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೆ. ತೀರ್ಮಾನ ಆಮೇಲೆ ಬರುತ್ತದೆ. ಮುಟ್ಟದೆ ಕೊಟ್ಟ ತೀರ್ಮಾನಕ್ಕೆ ಬೆಲೆ ಇಲ್ಲ.

ಭರತನ ನಾಟ್ಯಶಾಸ್ತ್ರ ಎಂದರೆ ನಮಗೆ ರಸಸೂತ್ರ ನೆನಪಾಗುತ್ತದೆ. ಅದರ 27ನೆಯ ಅಧ್ಯಾಯವನ್ನು ಓದುವವರು ಕಡಿಮೆ. ಅದು ಪ್ರಯೋಗದ ಸಿದ್ಧಿಯನ್ನು, ಅಂದರೆ ಒಂದು ನಾಟಕ ಗೆದ್ದಿತು ಎಂದು ತಿಳಿಯುವುದು ಹೇಗೆ ಎಂಬುದನ್ನು ಕುರಿತ ಅಧ್ಯಾಯ. ಅಲ್ಲಿ ‘ಪ್ರಾಶ್ನಿಕ’ರು ಎಂಬ ಪರೀಕ್ಷಕರ ಪಟ್ಟಿ ಬರುತ್ತದೆ. ಯಜ್ಞ ತಿಳಿದವನು, ನಟ, ಛಂದಸ್ಸು ಬಲ್ಲವನು, ವೈಯಾಕರಣಿ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಸಂಗೀತಗಾರ, ರಾಜಸೇವಕ. ಪ್ರತಿಯೊಬ್ಬರೂ ತಮಗೆ ಗೊತ್ತಿರುವುದನ್ನು ಮಾತ್ರ ಅಳೆಯಬೇಕು. ಬಿಲ್ಲುಗಾರ ನಿಲುವನ್ನು ನೋಡಲಿ, ವೈಯಾಕರಣಿ ಮಾತನ್ನು ನೋಡಲಿ. ಪ್ರೇಕ್ಷಕನಿಗೆ ಇರಬೇಕಾದ ಗುಣಗಳನ್ನೆಲ್ಲ ಹೇಳಿದ ಮೇಲೆ, ಅವೆಲ್ಲ ಒಬ್ಬನಲ್ಲೇ ಸಿಗುವುದಿಲ್ಲ ಎಂದೂ ಆ ಗ್ರಂಥ ಒಪ್ಪಿಕೊಳ್ಳುತ್ತದೆ.

ಈ ಒಪ್ಪಿಗೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಂತರದ ಕಾವ್ಯಮೀಮಾಂಸೆ ‘ಸಹೃದಯ’ ಎಂಬ ಒಬ್ಬ ಆದರ್ಶ ರಸಿಕನನ್ನು ನಡುವೆ ಕೂರಿಸಿತು. ಆ ಒಬ್ಬ ಯಾರು, ಯಾವ ಕೇರಿಯವನು, ಗಂಡೋ ಹೆಣ್ಣೋ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಕೇಳಲು ದಲಿತ, ಬಂಡಾಯ ಮತ್ತು ಸ್ತ್ರೀವಾದಿ ವಿಮರ್ಶೆ ಬರಬೇಕಾಯಿತು. ಎಲ್ಲರ ಪರವಾಗಿ ಒಬ್ಬನೇ ತಲೆದೂಗಿದರೆ ಉಳಿದವರ ಮೌನ ಒಪ್ಪಿಗೆಯಂತೆ ಕಾಣುತ್ತದೆ. ಪ್ರಾಶ್ನಿಕರ ಪಟ್ಟಿಯೂ ಅದರ ಕಾಲದ ಸಮಾಜದ ಪಟ್ಟಿಯೇ, ಅದರಲ್ಲಿ ಯಾರಿಲ್ಲ ಎಂದು ನಾವು ಕೇಳಲೇಬೇಕು. ಆದರೂ ಅದು ವಿಮರ್ಶಕನಿಗೆ ಕೊಡುವ ಬುದ್ಧಿಮಾತು ಚೆನ್ನಾಗಿದೆ: ನೀನು ಎಲ್ಲಿ ನಿಂತು ನೋಡುತ್ತಿದ್ದೀಯೆ, ನಿನಗೆ ಏನು ಗೊತ್ತು ಎಂದು ತಿಳಿದುಕೊಂಡು ಮಾತಾಡು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಕನ್ನಡ ರಂಗಭೂಮಿಯ ದೊಡ್ಡ ಪಾಲು ಹವ್ಯಾಸಿಗಳದ್ದು. ಬ್ಯಾಂಕು, ಶಾಲೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು, ಸಂಜೆ ಯಾವುದೋ ಶಾಲೆಯ ಕೊಠಡಿಯಲ್ಲಿ ಎರಡು ತಿಂಗಳು ತಾಲೀಮು ಮಾಡಿ, ಕೈಯಿಂದ ಹಣ ಹಾಕಿ, ಒಂದೋ ಎರಡೋ ಪ್ರದರ್ಶನ ಕೊಡುವವರು. ಅಂಥವರ ನಾಟಕ ಸೋತಿದ್ದರೆ ಹಾಗೆಂದು ಬರೆಯಬೇಕೇ? ಬರೆದು ಯಾರಿಗೆ ಲಾಭ? ಎರಡನೆಯ ಪ್ರದರ್ಶನವೇ ಇಲ್ಲದ ನಾಟಕಕ್ಕೆ ಜನ ಹೋಗದಂತೆ ಎಚ್ಚರಿಸುವುದರಲ್ಲಿ ಅರ್ಥವಿಲ್ಲ. ತಂಡದವರಿಗೆ ನೋವಾಗುವುದು ಖಂಡಿತ. ಅವರೆಲ್ಲ ಮುಂದಿನ ವಾರ ಮತ್ತೊಂದು ನಾಟಕದಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲೇ ಕೂರುವವರು. ‘ಪಾತ್ರಗಳಿಗೆ ನ್ಯಾಯ ಒದಗಿಸಿದರು’ ಹುಟ್ಟಿದ್ದು ಇಂಥ ದಾಕ್ಷಿಣ್ಯದಲ್ಲಿ. ಅದನ್ನು ನಾನು ಹಗುರವಾಗಿ ಕಾಣಲಾರೆ. ದಾಕ್ಷಿಣ್ಯವೂ ಒಂದು ಮೌಲ್ಯವೇ.

ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ನೋಡಬೇಕು. ಒಮ್ಮೆ ಒಬ್ಬ ಯುವನಟಿ ತನ್ನ ಕಡತ ತೋರಿಸಿದರು. ಏಳೆಂಟು ವರ್ಷಗಳ ಪತ್ರಿಕಾ ತುಣುಕುಗಳನ್ನು ಪ್ಲಾಸ್ಟಿಕ್ ಹಾಳೆಗಳಲ್ಲಿ ಜೋಡಿಸಿದ್ದರು. ಬೇರೆ ಬೇರೆಯವರು ಬರೆದದ್ದು. ಪ್ರತಿಯೊಂದರಲ್ಲೂ ಆಕೆಯ ಹೆಸರಿನ ಪಕ್ಕ ‘ಗಮನ ಸೆಳೆದರು’, ‘ನ್ಯಾಯ ಒದಗಿಸಿದರು’, ‘ಮಿಂಚಿದರು’ ಎಂದಿತ್ತು. ಆಕೆ ಹೇಳಿದ್ದು ಇಷ್ಟು: “ಸರ್, ಇದರಲ್ಲಿ ಎರಡು ನಾಟಕಗಳಲ್ಲಿ ನಾನು ನಿಜವಾಗಿ ಚೆನ್ನಾಗಿ ಮಾಡಿದ್ದೆ. ಒಂದರಲ್ಲಿ ಮಾತು ಮರೆತಿದ್ದೆ. ಯಾವುದು ಯಾವುದು ಅಂತ ಇದನ್ನು ಓದಿದರೆ ನನಗೇ ಗೊತ್ತಾಗಲ್ಲ.”

ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದ ಹೊಗಳಿಕೆಯಿಂದ ಸೋತವರಿಗೆ ಅಷ್ಟೇನೂ ಲಾಭವಿಲ್ಲ. ಗೆದ್ದವರಿಗೆ ಮಾತ್ರ ನಷ್ಟ ಖಚಿತ. ಆಕೆ ನಿಜವಾಗಿ ಗೆದ್ದ ಎರಡು ಸಂಜೆಗಳನ್ನು ಆ ವಿಮರ್ಶೆಗಳು ಅಳಿಸಿಹಾಕಿದ್ದವು. ಅವು ಸುಳ್ಳು ಹೇಳಿರಲಿಲ್ಲ, ಸಾಕ್ಷಿ ಹೇಳದೆ ಸಹಿ ಮಾತ್ರ ಹಾಕಿದ್ದವು.

ಹಾಗಾದರೆ ಕಟುವಾಗಿ ಬರೆಯುವುದೇ ಪ್ರಾಮಾಣಿಕತೆಯೇ? ಇದು ಇನ್ನೊಂದು ತುದಿಯ ಸೋಮಾರಿತನ. ಒಂದು ಚುರುಕಾದ ಕುಹಕದ ಮಾತು ವಿಮರ್ಶಕನ ಹೆಸರು ಬೆಳೆಸುತ್ತದೆ. ಓದುಗರು ಅದನ್ನು ವಾಟ್ಸಾಪಿನಲ್ಲಿ ಹಂಚುತ್ತಾರೆ. ಆದರೆ ನಾಟಕ ಮುಗಿದುಹೋಗಿದೆ, ಅದಕ್ಕೆ ಉತ್ತರ ಕೊಡುವ ಬಾಯಿ ಇಲ್ಲ. ಕುವೆಂಪು ಅವರಿಗೆ ಮುನ್ನುಡಿ ಇತ್ತು, ಪಠ್ಯ ಇತ್ತು. ಆ ಯುವನಟಿಗೆ ಏನಿದೆ? ಎದುರಾಳಿ ನಿರಾಯುಧನಾಗಿರುವಾಗ ಗೆದ್ದೆ ಎಂದು ಬೀಗುವುದರಲ್ಲಿ ಶೌರ್ಯವಿಲ್ಲ. ‘ನೀರಸ’ ಎಂಬ ಒಂದು ಪದವೂ ‘ಅದ್ಭುತ’ ಎಂಬ ಒಂದು ಪದವೂ ಒಂದೇ ಜಾತಿಗೆ ಸೇರಿದವು. ಎರಡನ್ನೂ ಪರೀಕ್ಷಿಸಲು ದಾರಿಯಿಲ್ಲ.

ದಾರಿ ಇರುವುದು ವಿವರದಲ್ಲಿ. ‘ಎರಡನೆಯ ಅಂಕದಲ್ಲಿ ತಾಯಿ ಮಗನ ಸಾವಿನ ಸುದ್ದಿ ಕೇಳುತ್ತಾಳೆ, ನಟಿ ಅಳುವಿಗೆ ಮೊದಲು ಕೈಯಲ್ಲಿದ್ದ ತಂಬಿಗೆಯನ್ನು ನಿಧಾನವಾಗಿ ಕೆಳಗಿಟ್ಟರು, ಆದರೆ ಅಷ್ಟರಲ್ಲೇ ಹಿನ್ನೆಲೆ ಸಂಗೀತ ನುಗ್ಗಿ ಆ ಕ್ಷಣವನ್ನು ತಿಂದುಹಾಕಿತು’ ಎಂದು ಬರೆದರೆ ಅದು ಮೆಚ್ಚುಗೆಯೂ ಹೌದು, ಟೀಕೆಯೂ ಹೌದು. ನಟಿಗೆ ತಾನು ಏನು ಮಾಡಿದೆ ಎಂದು ಗೊತ್ತಾಗುತ್ತದೆ. ಸಂಗೀತ ಮಾಡಿದವರಿಗೆ ಜಗಳವಾಡಲು ಒಂದು ನಿರ್ದಿಷ್ಟ ಜಾಗ ಸಿಗುತ್ತದೆ. ಅವರು ‘ಇಲ್ಲ, ಆ ಸಂಗೀತ ಬೇಕೇ ಇತ್ತು’ ಎಂದು ವಾದಿಸಬಹುದು. ವಿವರ ಕೊಟ್ಟ ವಿಮರ್ಶಕ ತನ್ನನ್ನು ತಪ್ಪೆಂದು ತೋರಿಸಲು ಬೇಕಾದ ಸಾಮಗ್ರಿಯನ್ನೂ ಕೊಟ್ಟಿರುತ್ತಾನೆ. ವಿಮರ್ಶೆಯ ನೀತಿ ಇರುವುದು ಇಲ್ಲಿ ಎಂದು ನನ್ನ ನಂಬಿಕೆ.

ಸಾಕ್ಷಿಯ ಬೆಲೆ ಎಷ್ಟು ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗವಿದೆ. 1958ರ ಮೇ ತಿಂಗಳಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಹೆರಾಲ್ಡ್ ಪಿಂಟರ್ ಎಂಬ ಹೊಸಬನ ‘ದ ಬರ್ತ್‌ಡೇ ಪಾರ್ಟಿ’ ನಾಟಕ ಪ್ರದರ್ಶನಗೊಂಡಿತು. ದಿನಪತ್ರಿಕೆಗಳ ವಿಮರ್ಶಕರು ಹೆಚ್ಚಾಗಿ ಅದನ್ನು ಜಾಡಿಸಿದರು. ನಾಟಕ ಒಂದೇ ವಾರದಲ್ಲಿ ನಿಂತಿತು. ಅದು ನಿಂತ ಮರುದಿನ, ಭಾನುವಾರ, ‘ಸಂಡೇ ಟೈಮ್ಸ್’ನಲ್ಲಿ ಹೆರಾಲ್ಡ್ ಹಾಬ್ಸನ್ ಬರೆದ ವಿಮರ್ಶೆ ಬಂತು. ಆತ ಆ ನಾಟಕವನ್ನು ಮನಸಾರೆ ಮೆಚ್ಚಿ, ಪಿಂಟರ್‌ನ ಪ್ರತಿಭೆಯನ್ನು ಗುರುತಿಸಿ ಬರೆದಿದ್ದ. ಟಿಕೆಟ್ಟಿನ ಲೆಕ್ಕದಲ್ಲಿ ನೋಡಿದರೆ ಅದು ಶುದ್ಧ ವ್ಯರ್ಥ, ಓದಿದವರು ಹೋಗಿ ನೋಡಲು ನಾಟಕವೇ ಇರಲಿಲ್ಲ. ಆದರೂ ನಾಟಕಕಾರನ ಬಾಳಿನಲ್ಲಿ ಆ ಬರಹ ದೊಡ್ಡ ಆಸರೆಯಾಯಿತು. 2005ರಲ್ಲಿ ಪಿಂಟರ್‌ಗೆ ನೊಬೆಲ್ ಬಂತು. ಹಾಬ್ಸನ್ ಸರಿಯಾಗಿ ಭವಿಷ್ಯ ನುಡಿದ ಎಂಬುದು ನನಗೆ ಮುಖ್ಯವಲ್ಲ. ಪಿಂಟರ್ ಆಮೇಲೆ ಏನೂ ಬರೆಯದೆ ಹೋಗಿದ್ದರೂ ಆ ವಿಮರ್ಶೆ ಸರಿಯಾದ ಕೆಲಸವನ್ನೇ ಮಾಡಿರುತ್ತಿತ್ತು. ನಾನು ಅಲ್ಲಿದ್ದೆ, ಇದನ್ನು ಕಂಡೆ ಎಂದು ಹೇಳುವ ಕೆಲಸ ಅದು.

ವಿಮರ್ಶೆ ಒಬ್ಬನ ಕಟ್ಟೆಯಾಗದಿರಲು ಇನ್ನೊಂದು ಮಾದರಿ ನಮ್ಮಲ್ಲೇ ಇದೆ. ಹೆಗ್ಗೋಡಿನ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ಸಂಜೆ ನೋಡಿದ ನಾಟಕದ ಬಗ್ಗೆ ಮರುದಿನ ಶಿಬಿರಾರ್ಥಿಗಳು ಕೂತು ಚರ್ಚಿಸುವ ರೂಢಿ ಇದೆ. ಪ್ರಾಧ್ಯಾಪಕರೂ ಮಾತಾಡುತ್ತಾರೆ, ಮೊದಲ ಬಾರಿ ಆಧುನಿಕ ನಾಟಕ ನೋಡಿದವರೂ ಮಾತಾಡುತ್ತಾರೆ. ‘ನನಗೆ ಅರ್ಥವಾಗಲಿಲ್ಲ’ ಎಂಬುದೂ ಅಲ್ಲಿ ಒಂದು ಹೇಳಿಕೆಯೇ. ಪ್ರಾಶ್ನಿಕರ ಆ ಹಳೆಯ ಪಟ್ಟಿ ಇಲ್ಲಿ ಬಾಗಿಲು ತೆರೆದುಕೊಂಡಿದೆ ಎನ್ನಬಹುದು. ಬರೆಯುವ ವಿಮರ್ಶಕ ಒಬ್ಬನೇ ಇದ್ದರೂ ಇಂಥ ಒಂದು ಸಭೆಯ ಎದುರು ಕೂತಿದ್ದೇನೆ ಎಂದುಕೊಂಡು ಬರೆದರೆ ಅವನ ಭಾಷೆ ತಾನಾಗಿಯೇ ಎಚ್ಚರಗೊಳ್ಳುತ್ತದೆ.

ಈಗ ಎಲ್ಲ ನಾಟಕಗಳನ್ನೂ ಮೊಬೈಲಿನಲ್ಲಿ ಹಿಡಿದಿಡುತ್ತಾರಲ್ಲ, ಸಾಕ್ಷಿ ಯಾಕೆ ಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕ್ಯಾಮೆರಾ ರಂಗದ ಮೇಲೆ ನಡೆದದ್ದನ್ನು ಹಿಡಿಯುತ್ತದೆ. ಆದರೆ ನಾಟ್ಯಶಾಸ್ತ್ರದ ಅದೇ ಅಧ್ಯಾಯ ಸಿದ್ಧಿಯಲ್ಲಿ ಎರಡು ಬಗೆ ಹೇಳುತ್ತದೆ. ಪ್ರೇಕ್ಷಕರ ನಗು, ಉದ್ಗಾರ, ಕಣ್ಣೀರುಗಳಲ್ಲಿ ಕಾಣುವುದು ಮಾನುಷೀ ಸಿದ್ಧಿ. ರಂಗಮಂದಿರ ತುಂಬಿದ್ದು, ಒಂದು ಸದ್ದಿಲ್ಲದೆ, ಒಂದು ಅಲುಗಾಟವಿಲ್ಲದೆ ಇರುವುದು ದೈವೀ ಸಿದ್ಧಿ. ವಿಡಿಯೋದಲ್ಲಿ ಮೌನ ಎಂದರೆ ಧ್ವನಿ ಇಲ್ಲದಿರುವುದು ಅಷ್ಟೇ. ಮುನ್ನೂರು ಜನ ಉಸಿರು ಹಿಡಿದ ಮೌನಕ್ಕೂ, ಮುನ್ನೂರು ಜನ ಬೇಸತ್ತು ತೂಕಡಿಸುವ ಮೌನಕ್ಕೂ ಇರುವ ವ್ಯತ್ಯಾಸ ಅಲ್ಲಿ ಕೂತಿದ್ದವರಿಗೆ ಮಾತ್ರ ಗೊತ್ತು.

ಬರೆಯಲು ತೊಡಗುವ ಹೊಸಬರು ನನ್ನನ್ನು ಸಿದ್ಧಾಂತದ ಪುಸ್ತಕಗಳ ಪಟ್ಟಿ ಕೇಳುತ್ತಾರೆ. ಪಟ್ಟಿ ಕೊಡುತ್ತೇನೆ, ಓದಲೇಬೇಕು. ಜೊತೆಗೆ ಒಂದು ಸಣ್ಣ ಕೆಲಸವನ್ನೂ ಹೇಳುತ್ತೇನೆ. ನಾಟಕ ನೋಡಿ ಬಂದ ರಾತ್ರಿ, ಅಭಿಪ್ರಾಯ ಗಟ್ಟಿಯಾಗುವ ಮೊದಲು, ‘ಉಳಿದವರು’ ಎಂಬ ಪದದೊಳಗೆ ಸೇರಿಹೋಗುವ ನಟರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅವರು ಮಾಡಿದ ಒಂದು ಕೆಲಸವನ್ನು ಒಂದು ವಾಕ್ಯದಲ್ಲಿ, ಯಾವ ವಿಶೇಷಣವೂ ಇಲ್ಲದೆ ಬರೆದಿಡಿ. ಬರೆಯಲು ಆಗದಿದ್ದರೆ ಒಂದೋ ಅವರು ಏನೂ ಮಾಡಿಲ್ಲ, ಇಲ್ಲವೇ ನೀವು ನೋಡಿಲ್ಲ. ಯಾವುದು ಎಂದು ತಿಳಿಯುವವರೆಗೆ ವಿಮರ್ಶೆಯನ್ನು ಕಳಿಸಬೇಡಿ.